ನೀರಿನ ಲೆಕ್ಕ

ಊರು ತಿಳಿಯಬೇಕಾದರೆ ತಲೆ ಎತ್ತಬೇಡ ಮಗಳೇ,
ಬಗ್ಗು, ಅಂದ ಕಾಸಿಯಾನ್.
ಮೂವತ್ತೊಂದು ವರ್ಷ ಬಗ್ಗಿ ಬಗ್ಗಿ
ಬೆನ್ನು ಬಿಲ್ಲಾದವನು.
ಇವತ್ತು ಅವನ ಕಡೇ ಸುತ್ತು, ನನ್ನ ಮೊದಲನೆಯದು.
ಚೀಲದಲ್ಲಿ ಒಂದು ಟಾರ್ಚು,
ಮೀಟರಿನ ಗಾಜು ಉಜ್ಜಲು ಹಳೇ ಹಲ್ಲುಜ್ಜುವ ಬ್ರಷ್ಷು,
ನಾಯಿಗಳಿಗೆ ಅಂತ ಒಣಮೀನು.
ನೀರ ಮೇಲಿನ ಬರಹ ಅಂತಾರಲ್ಲ,
ನಮ್ಮದೂ ಅದೇ,
ಸಂಬಳ ಬರುತ್ತೆ, ಅಷ್ಟೆ.

ಅಂಪೆಲ್.
ಬೆಳಗಿನ ನಮಾಜು ಮುಗಿದು
ಕಾಲು ತೊಳೆದ ನೀರು ಕಲ್ಲಿನ ಮೇಲೆ ಇನ್ನೂ ಆರಿಲ್ಲ.
ಖರ್ಜೂರದಂಗಡಿ, ಅತ್ತರಿನಂಗಡಿ, ಮತ್ತೆ ಖರ್ಜೂರ.
ಯೆಮನ್ನಿಂದ ಹಡಗು ಹತ್ತಿದ ಮುತ್ತಜ್ಜನ ಮೂಗನ್ನು
ಹಾಗೇ ಹೊತ್ತ ಹುಡುಗನೊಬ್ಬ ಶಟರು ಎತ್ತುತ್ತ
ಅಪ್ಪಟ ಸುರಬಾಯದ ಒರಟು ಜಾವಾ ಮಾತಲ್ಲಿ
'ಈ ತಿಂಗಳು ಸ್ವಲ್ಪ ಕಮ್ಮಿ ಬರಿ ಮಾಮ' ಅಂದ.
ಮುಳ್ಳಿಗೆ ನೆಂಟರಿಲ್ಲ ಕಣೋ, ಅಂದ ಕಾಸಿಯಾನ್.
ಇಲ್ಲಿ ಪೈಪಿಗೆ ಕಿವಿಯಿಟ್ಟರೆ
ದಿನಕ್ಕೆ ಐದು ಸಲ ಊರು ಮುಖ ತೊಳೆಯುವುದು ಕೇಳುತ್ತದೆ.

ಕೆಂಬಾಂಗ್ ಜೆಪುನ್.
ಹೆಸರು ಜಪಾನಿ ಹೂವು, ಇರುವವರು ಚೀನಿಯರು,
ಮಾರುವುದು ನಟ್ಟು, ಬೋಲ್ಟು, ಪರದೆ ಬಟ್ಟೆ.
ಲೀಮ್ ಮನೆಯ ಮೀಟರು ಹಿರಿಯರ ಪಟದ ಹಿಂದೆ,
ಊದುಬತ್ತಿ ಸರಿಸಿ ಓದಬೇಕು.
ಕಾರ್ಡಿನಲ್ಲಿ ಎರಡು ಹೆಸರು:
ಒಂದಕ್ಕೆ ಅಡ್ಡಗೀಟು,
ಇನ್ನೊಂದು ಆ ಕಾಲದಲ್ಲಿ ಸರ್ಕಾರಕ್ಕೆಂದು ಇಟ್ಟುಕೊಂಡದ್ದು.
ಅಜ್ಜಿ ಎರಡಕ್ಕೂ ಓಗೊಡುತ್ತಾಳೆ.
ನಲ್ಲಿ ಮಾತ್ರ ಯಾವ ಹೆಸರನ್ನೂ ಕೇಳದೆ
ಬಂದುಕೊಂಡೇ ಇತ್ತು.

ಕಾಲಿಮಾಸ್ ಅಂದರೆ ಚಿನ್ನದ ಹೊಳೆ.
ಬಣ್ಣ ಮಾತ್ರ ನಿನ್ನೆಯ ಕಾಫಿಯದು.
ಬುಗಿಸರ ಮರದ ಹಡಗುಗಳು ಮೂತಿ ಮುಂದೆ ಮಾಡಿ ನಿಂತಿವೆ.
ಹಲಗೆಯ ಮೇಲೆ ಸಿಮೆಂಟು ಹೊತ್ತವರು
ಇರುವೆಗಳಂತೆ ಅನ್ನೋಣವೆಂದರೆ
ಇರುವೆ ಹೀಗೆ ಕೆಮ್ಮುವುದಿಲ್ಲ.
ದಂಡೆಗೆಲ್ಲ ಒಂದೇ ಮೀಟರು.
ಅದರ ನೀರು ಪೀಪಾಯಿ ಸೇರಿ ಮಕಾಸ್ಸರಿಗೆ ಹೋಗುತ್ತದೆ,
ಬಂಜಾರ್ಮಾಸಿನ್ನಿಗೆ ಹೋಗುತ್ತದೆ,
ಹೊಳೆಯಂಚಿನ ಗುಡಿಸಲುಗಳಿಗೆ ಹೋಗುವುದಿಲ್ಲ.
ಅಲ್ಲಿಗೆ ತಳ್ಳುಗಾಡಿಯ ಸುತಿಯಾ ಡಬ್ಬಿಯಲ್ಲಿ ಮಾರುತ್ತಾಳೆ,
ಕಾಸಿಯಾನನ ಮನೆಗೂ ಅವಳೇ.
ಇದನ್ನವನು
ಷೂ ಲೇಸು ಕಟ್ಟುತ್ತ ಹೇಳಿದ.

ಉಜುಂಗ್ ಹಡಗುಕಟ್ಟೆ.
ಮದುರಾಕ್ಕೆ ಸೇತುವೆಯಾದ ಮೇಲೆ
ದೋಣಿಗೆ ಕಾಯುವವರಿಲ್ಲ,
ಕಾಯುವವರಿಲ್ಲದ ಕಡೆ ಚಹಾ ಏಕೆ?
ಮಿಸ್ನಾತಿಯ ಅಂಗಡಿ: ಹತ್ತೊಂಬತ್ತು ಯೂನಿಟ್ಟು ಇದ್ದದ್ದು
ಈಗ ನಾಲ್ಕು.
'ನಾಲ್ಕರಲ್ಲಿ ಮೂರು ನಾನು ಲೋಟ ತೊಳೆದದ್ದು,
ಕೈ ಸುಮ್ಮನಿರಲ್ಲ' ಅಂದಳು.
ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕಾಸಿಯಾನ್ ಲೋಟದ ಕೆಳಗಿಟ್ಟು ಬಂದ.

ಸಂಜೆ ಪೆನೆಲೆ.
ಡಚ್ಚರ ಗೋರಿಗಳ ಮೇಲೆ ಯಾರದೋ ಮೇಕೆ, ಯಾರದೋ ಪಂಚೆ.
ಗಲ್ಲಿಯ ತುದಿಗೆ ಬೀಗ ಹಾಕಿದ ಮನೆ.
ಬೀಗಕ್ಕೆ ತುಕ್ಕು, ಕಿಟಕಿಗೆ ಹಲಗೆ,
ಮೀಟರಿನ ಗಾಜು ಮಾತ್ರ ಶುಭ್ರ.
'ಪ್ರತಿ ತಿಂಗಳು ಒಂದೇ ಒಂದು ಯೂನಿಟ್ಟು,
ಹನ್ನೆರಡು ವರ್ಷದಿಂದ.'
ನಾನು ಲೆಕ್ಕ ಹಾಕಿದೆ:
ದಿನಕ್ಕೆ ಎರಡು ಬಕೆಟ್ಟು.
ಒಬ್ಬ ಮನುಷ್ಯ ಸದ್ದಿಲ್ಲದೆ ಬದುಕಲು ಬೇಕಾದಷ್ಟು.
ಬಿಲ್ಲು ಯಾರು ಕಟ್ಟುತ್ತಾರೆ?
ಕಟ್ಟುತ್ತಾರೆ, ಅಂದ.
ಬಾಗಿಲು ತಟ್ಟಿದ್ದೀರಾ?
ಮೀಟರು ಓದುವುದು ನಮ್ಮ ಕೆಲಸ, ಅಂದ.
ಷರಾ ಕಾಲಮ್ಮಿನಲ್ಲಿ ಅವನ ಅಕ್ಷರ,
ಮೇಲಿಂದ ಕೆಳಗೆ ತಿಂಗಳು ತಿಂಗಳೂ ಒಂದೇ:
ಸೋರಿಕೆ. ಸೋರಿಕೆ. ಸೋರಿಕೆ.

ಬ್ರಷ್ಷನ್ನು ನನ್ನ ಕೈಗಿತ್ತು
ಅಂಗಿಯ ಗುಂಡಿ ಬಿಚ್ಚಿಕೊಂಡು
ಹೊಳೆಯ ಕಡೆ ಹೊರಟ. ಹಿಂದಿರುಗಿ ನೋಡಲಿಲ್ಲ.
ನಾನು ಬಗ್ಗಿದೆ.
ಗಾಜಿನೊಳಗೆ ಸಣ್ಣ ಕೆಂಪು ಚಕ್ರ
ನಿಂತಿದ್ದದ್ದು
ನಿಧಾನ ತಿರುಗತೊಡಗಿತು.
ಪೆನ್ನಿನ ಮುಚ್ಚಳ ತೆಗೆದು, ಅದು ನಿಲ್ಲುವವರೆಗೂ ಕಾದು,
ಅವನ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ
ಬರೆದೆ.